ಘಟ್ಟದ ಮೇಲಿನ ತಾಲ್ಲೂಕು: ಕೊಯಮತ್ತೂರಿನಿಂದ ಮೈಸೂರಿಗೆ ಬಂದ ಕೊಳ್ಳೇಗಾಲ

ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರಬೇಕು ಎಂಬ ಪಟ್ಟಿ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿದೆ. ಮುಂಬೈ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲ್ಬರ್ಗಾ, ರಾಯಚೂರು, ಬೀದರ್ ಸೀಮೆ, ಕಾಸರಗೋಡನ್ನು ಬಿಟ್ಟ ದಕ್ಷಿಣ ಕನ್ನಡ, ಇಡೀ ಕೊಡಗು. ಈ ದೊಡ್ಡ ಹೆಸರುಗಳ ಸಾಲಿನಲ್ಲಿ ಒಂದು ತಾಲ್ಲೂಕಿನ ಹೆಸರೂ ತನ್ನಷ್ಟಕ್ಕೆ ತಾನು ನಿಂತಿದೆ. ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ.

ಆ ತಾಲ್ಲೂಕು ಮೈಸೂರಿಗೆ ಸೇರಿ 2026ರ ನವೆಂಬರ್ 1ಕ್ಕೆ ಎಪ್ಪತ್ತು ವರ್ಷ. ಅಂದಿನ ಒಂದು ತಾಲ್ಲೂಕು ಇಂದು ಕೊಳ್ಳೇಗಾಲ, ಹನೂರು ಎಂದು ಎರಡಾಗಿದೆ. ಪಕ್ಕದ ಯಳಂದೂರಿನ ಚರಿತ್ರೆ ಬೇರೆಯಾದರೂ ಬದುಕು ಬೇರೆಯಲ್ಲ. ಸಂತೆ, ಸಂಬಂಧ, ರೇಷ್ಮೆಗೂಡು, ಮಗ್ಗ ಎಲ್ಲದರಲ್ಲೂ ಮೂರೂ ಊರುಗಳು ಹೆಣೆದುಕೊಂಡಿವೆ. ಏಕೀಕರಣದ ಕಥೆ ಹೇಳುವವರು ಹುಬ್ಬಳ್ಳಿ, ಧಾರವಾಡ, ಮಂಗಳೂರು, ಬಳ್ಳಾರಿಗಳ ಬಗ್ಗೆ ಪುಟಗಟ್ಟಲೆ ಬರೆದು ಕೊಳ್ಳೇಗಾಲಕ್ಕೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗುವುದು ವಾಡಿಕೆ. ಈ ಸೀಮೆಗೆ ಅದಕ್ಕಿಂತ ಹೆಚ್ಚು ಸಲ್ಲಬೇಕು.

1799–1860: ಎರಡು ಆಡಳಿತ, ಒಂದು ನೆಲ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ. ಅವನ ರಾಜ್ಯವನ್ನು ಹಂಚಿಕೊಂಡಾಗ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಹೋಯಿತು. ಅದರ ಜೊತೆಯಲ್ಲಿ ಕೊಳ್ಳೇಗಾಲವೂ ಹೋಯಿತು. ಹಂಚಿಕೆ ಮಾಡಿದವರ ಕಣ್ಣಿಗೆ ಕಂದಾಯದ ಲೆಕ್ಕ ಕಂಡಿತು, ಬೆಟ್ಟಸಾಲು ಕಾಣಲಿಲ್ಲ. ಕೊಯಮತ್ತೂರಿನ ಉಳಿದ ತಾಲ್ಲೂಕುಗಳೆಲ್ಲ ಘಟ್ಟದ ಕೆಳಗಿನ ಬಯಲಿನಲ್ಲಿದ್ದವು. ಕೊಳ್ಳೇಗಾಲವೊಂದು ಘಟ್ಟದ ಮೇಲೆ, ಮೈಸೂರಿನ ಎತ್ತರದ ನಾಡಿಗೆ ಅಂಟಿಕೊಂಡಿತ್ತು. ಉತ್ತರಕ್ಕೆ ಕಾವೇರಿ, ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, ದಕ್ಷಿಣಕ್ಕೂ ಪೂರ್ವಕ್ಕೂ ಬರಗೂರು ಹಾಗೂ ಮಲೆ ಮಹದೇಶ್ವರನ ಗಿರಿಗಳು. ಜನರ ಮಾತು ಕನ್ನಡ. ಕಚೇರಿ ಮಾತ್ರ ಗಿರಿಗಳಾಚೆ.

1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಸತ್ತೇಗಾಲ, ಕೊಳ್ಳೇಗಾಲ, ಹನೂರು, ಕೌದಳ್ಳಿಯ ದಾರಿ ಹಿಡಿದು ಕಾವೇರಿಪುರದ ಕಡೆಗೆ ಇಳಿದ. ಅಂದಿನ ದೊಡ್ಡ ದಾರಿ ಅದು. ಇಂದಿಗೂ ಮಾದಪ್ಪನ (ಮಲೆ ಮಹದೇಶ್ವರನ) ಬೆಟ್ಟಕ್ಕೆ ನಡೆದು ಹೋಗುವವರು ಹಿಡಿಯುವ ರಸ್ತೆಯ ಬಹುಭಾಗ ಇದೇ ಜಾಡಿನಲ್ಲಿದೆ.

ಪಕ್ಕದ ಯಳಂದೂರಿಗೆ ಒದಗಿದ ಪಾಡು ಬೇರೆ. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಪೂರ್ಣಯ್ಯನವರ ವಂಶದವರೇ ಆದ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಯಳಂದೂರಿನಲ್ಲಿರುವ ಜಹಗೀರ್ದಾರರ ಬಂಗಲೆ ಆ ಕಾಲದ ನೆನಪನ್ನು ಉಳಿಸಿಕೊಂಡಿದೆ. ಅದಕ್ಕಿಂತ ಹಳೆಯ ಹೆಮ್ಮೆಗಳೂ ಈ ಪುಟ್ಟ ಊರಿಗಿವೆ. ಬಳೆಯಾಕಾರದ ಕಲ್ಲಿನ ಸರಪಳಿಗಳಿರುವ ಗೌರೀಶ್ವರ ದೇವಾಲಯದ ಬಳೆಮಂಟಪ ಇಲ್ಲಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮನ ಊರೂ ಇದೇ.

ಹೀಗಾಗಿ ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಗಾಡಿ ಹೂಡಿದವನು ಒಂದೇ ದಿನದಲ್ಲಿ ಮೂರು ಆಡಳಿತ ದಾಟುತ್ತಿದ್ದ: ಮೈಸೂರು ಸಂಸ್ಥಾನ, ಯಳಂದೂರಿನ ಜಹಗೀರು, ಮದರಾಸು ಪ್ರಾಂತ. ದಾರಿಯುದ್ದಕ್ಕೂ ಕೇಳುವ ಮಾತು ಒಂದೇ.

ಮದರಾಸಿನ ಕಡೆಯಲ್ಲಿ ಆ ಕಾಲದ ದೊಡ್ಡ ಕಟ್ಟಡವೆಂದರೆ ಶಿವನಸಮುದ್ರದ ಸೇತುವೆಗಳು. ದ್ವೀಪದ ಎರಡೂ ಬದಿಯ ಕಾವೇರಿಗೆ ರಾಮಸ್ವಾಮಿ ಮೊದಲಿಯಾರರು 1830ರ ಆಸುಪಾಸಿನಲ್ಲಿ ಕಲ್ಲಿನ ಕಂಬಗಳ ಸೇತುವೆ ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ ಹೆಸರು. ಜನರ ಬಾಯಲ್ಲಿ ಮೊದಲನೆಯದು ‘ವೆಸ್ಲಿ ಸೇತುವೆ’ಯಾಗಿ ಉಳಿಯಿತು. ಸುಮಾರು ಎರಡು ಶತಮಾನ ನೀರಿನ ಹೊಡೆತ ತಿಂದ ಈ ಕಲ್ಲುಗಂಬಗಳಿಗೆ 2018ರ ಪ್ರವಾಹದಲ್ಲಿ ದೊಡ್ಡ ಪೆಟ್ಟು ಬಿತ್ತು. ಕೊಳ್ಳೇಗಾಲವನ್ನು ಮೈಸೂರು ನಾಡಿಗೆ ಕಟ್ಟಿಹಾಕಿದ ಮೊದಲ ಶಾಶ್ವತ ಕಟ್ಟಡ ಇದು. ರಾಜಕೀಯದ ಸೇರ್ಪಡೆ ಆಗಿದ್ದು ಅದಾಗಿ ನೂರಿಪ್ಪತ್ತು ವರ್ಷಗಳ ಮೇಲೆ.

1860–1939: ಹಿಪ್ಪುನೇರಳೆಯ ಸೀಮೆ

ಕೊಯಮತ್ತೂರಿನ ಕಲೆಕ್ಟರು ಕೊಳ್ಳೇಗಾಲಕ್ಕೆ ಬರಬೇಕೆಂದರೆ ದಾರಿ ಎರಡು. ಸತ್ಯಮಂಗಲದಿಂದ ದಿಂಬಂ ಘಟ್ಟ ಹತ್ತಿ, ಮೈಸೂರು ಸಂಸ್ಥಾನದ ಚಾಮರಾಜನಗರವನ್ನೂ ಯಳಂದೂರನ್ನೂ ಹಾದು ಬರಬೇಕು. ಇಲ್ಲವೇ ಅಂತಿಯೂರಿನಿಂದ ಬರಗೂರು ಘಟ್ಟ ಏರಿ, ರಾಮಾಪುರ, ಹನೂರಿನ ಮೇಲೆ ಬರಬೇಕು. ತನ್ನದೇ ಜಿಲ್ಲೆಯ ತಾಲ್ಲೂಕು ತಲುಪಲು ಪರರಾಜ್ಯ ಹಾಯಬೇಕಾದ ಸ್ಥಿತಿ! ಕೊಯಮತ್ತೂರು ನೂರೈವತ್ತು ಕಿಲೋಮೀಟರಿಗೂ ದೂರ. ಮೈಸೂರು ಅದರ ಅರ್ಧವೂ ಇಲ್ಲ. ಜಮೀನಿನ ವ್ಯಾಜ್ಯಕ್ಕೆ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತಬೇಕಾದ ರೈತನಿಗೆ ಈ ದೂರ ದೊಡ್ಡ ಹೊರೆ.

ಆದರೂ ಮದರಾಸು ಪ್ರಾಂತಕ್ಕೆ ಈ ಮೂಲೆಯ ತಾಲ್ಲೂಕು ಬೇಕಾಗಿತ್ತು. ಬಿಳಿಗಿರಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಫಿ ತೋಟಗಳು ಎದ್ದವು. ಹೊನ್ನಮೇಟಿ, ಅತ್ತಿಖಾನೆಯ ತೋಟಗಳನ್ನು ನೋಡಿಕೊಂಡ ಮಾರಿಸ್ ಮನೆತನದ ಆರ್.ಸಿ. ಮಾರಿಸ್ ಈ ಕಾಡಿನ ಪ್ರಾಣಿಪಕ್ಷಿಗಳ ಬಗ್ಗೆ ಬರೆದು ನೈಸರ್ಗಿಕ ಇತಿಹಾಸದ ಆಸಕ್ತರಲ್ಲಿ ಹೆಸರಾದರು. ಬೆಟ್ಟದಲ್ಲಿ ಶ್ರೀಗಂಧ, ಬಿದಿರು. ಬಯಲಿನಲ್ಲಿ ರಾಗಿ, ಜೋಳ. ಎಲ್ಲಕ್ಕಿಂತ ಮೇಲಾಗಿ ರೇಷ್ಮೆ. ಮದರಾಸು ಪ್ರಾಂತದಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕಸುಬು ಬಹುಪಾಲು ನಿಂತಿದ್ದು ಕೊಳ್ಳೇಗಾಲದ ಮೇಲೆಯೇ.

ಈ ಕಸುಬಿನ ಬೇರು ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ. ಬಂಗಾಳದಿಂದ ಹುಳು ತರಿಸಿ ಇಪ್ಪತ್ತೊಂದು ಕಡೆ ಸಾಕಣೆಯ ಠಾಣ್ಯ ತೆರೆಯಲು ಅವನು ಆಜ್ಞೆ ಹೊರಡಿಸಿದ್ದ. ರಾಜ್ಯ ಹೋದರೂ ಹುಳು ಉಳಿಯಿತು. ಮೈಸೂರಿನ ದಕ್ಷಿಣದ ಒಣನೆಲಕ್ಕೆ ಇದು ಹೇಳಿ ಮಾಡಿಸಿದ ಕಸುಬು. ಮಳೆ ನಂಬಿ ಬೆಳೆಯುವ ಹಿಪ್ಪುನೇರಳೆ ಒಮ್ಮೆ ಬೇರೂರಿದರೆ ಹಲವು ವರ್ಷ ಸೊಪ್ಪು ಕೊಡುತ್ತದೆ. ಮೊಟ್ಟೆ ಒಡೆದು ಹುಳು ಬಂದ ಮೇಲೆ ಗೂಡು ಬಿಡಿಸುವವರೆಗೆ ತಿಂಗಳೊಪ್ಪತ್ತಿನ ಲೆಕ್ಕ. ರಾಗಿ ಕೈಗೆ ಬರಲು ಕಾಯಬೇಕಾದ ಮನೆಗೆ ನಡುವೆ ನಗದು ಕೊಡುವ ಬೆಳೆ ಇನ್ನೊಂದಿರಲಿಲ್ಲ.

ಆ ತಿಂಗಳಿನ ದುಡಿಮೆಯಲ್ಲಿ ದೊಡ್ಡ ಪಾಲು ಮನೆಯ ಹೆಂಗಸರದು. ಚಾಕಿ ಹುಳುವಿಗೆ, ಅಂದರೆ ಮರಿಹುಳುವಿಗೆ, ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ಪೊರೆ ಬಿಡಲು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ, ಆಗ ಸೊಪ್ಪು ನಿಲ್ಲಿಸಬೇಕು, ಎದ್ದ ಮೇಲೆ ಹಗಲು ರಾತ್ರಿ ಹಾಕಬೇಕು. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಮನೆ ತುಂಬುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು. ಮನೆಯ ಒಳ್ಳೆಯ ಜಾಗವೆಲ್ಲ ಹುಳುವಿಗೆ, ಜನ ಜಗಲಿಯಲ್ಲಿ. ಸೂತಕ, ಹೊಗೆ, ವಾಸನೆ, ಸುಣ್ಣ ಎಲ್ಲದರ ಕಟ್ಟುನಿಟ್ಟು. ಈ ಶ್ರಮಕ್ಕೆ ಸರ್ಕಾರಿ ವರದಿಗಳಲ್ಲಿ ಹೆಸರಿಲ್ಲ. ಕೊಳ್ಳೇಗಾಲ ರೇಷ್ಮೆಯ ಊರಾಗಿದ್ದು ಇವರಿಂದ.

ಗೂಡು ಚರಕದವರ ಕೈಗೆ, ನೂಲು ಮಗ್ಗದವರ ಕೈಗೆ. ಪಟ್ಟಣದ ದೇವಾಂಗಪೇಟೆಯಲ್ಲಿ ಗುಂಡಿಮಗ್ಗಗಳ ಮೇಲೆ ಜರಿಯಂಚಿನ ಸೀರೆ, ಪಂಚೆ, ಶಲ್ಯ ಮೂಡಿದವು. ಯಳಂದೂರಿನ ಪಕ್ಕದ ಅಗರ, ಮಾಂಬಳ್ಳಿಯಲ್ಲಿ ಮುಸ್ಲಿಂ ಕುಟುಂಬಗಳು ನೂಲು ಬಿಚ್ಚಣಿಕೆಯಲ್ಲಿ ಪಳಗಿದವು. ಒಕ್ಕಲಿನ ಮನೆ, ಬಿಚ್ಚಣಿಕೆಯವರ ಮನೆ, ನೇಕಾರರ ಮನೆ, ವ್ಯಾಪಾರಿಯ ಅಂಗಡಿ: ಒಂದೊಂದು ಎಳೆಯೂ ನಾಲ್ಕು ಸಮುದಾಯಗಳ ಕೈ ದಾಟಿ ಸೀರೆಯಾಗುತ್ತಿತ್ತು. ದರದ ವಿಷಯದಲ್ಲಿ ಅವರ ನಡುವೆ ಮಾತು ಬಂದದ್ದೂ ಉಂಟು, ಹೋದದ್ದೂ ಉಂಟು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ನಡೆಯುವಂತಿರಲಿಲ್ಲ.

ಇದೇ ಹೊತ್ತಿಗೆ ಊರ ಬಾಗಿಲಲ್ಲೇ ಇನ್ನೊಂದು ಚರಿತ್ರೆ ನಡೆಯಿತು. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ವಿದ್ಯುತ್ ಹರಿಯಿತು. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂತು. ಕಾವೇರಿಯ ಒಂದು ದಡದಲ್ಲಿ ಮೈಸೂರು ಸಂಸ್ಥಾನದ ಯಂತ್ರ ತಿರುಗುತ್ತಿದ್ದರೆ ಭರಚುಕ್ಕಿಯ ದಡ ಮದರಾಸಿನದು. ಗಡಿ ಎಂಬುದು ನಕ್ಷೆಯ ಮೇಲಿನ ಗೆರೆ ಮಾತ್ರವಲ್ಲ, ಯಾರ ಮನೆಗೆ ಏನು ಯಾವಾಗ ಬರುತ್ತದೆ ಎಂಬ ತೀರ್ಮಾನವೂ ಹೌದು ಎಂಬುದು ಇಲ್ಲಿಯ ಜನಕ್ಕೆ ದಿನವೂ ಕಾಣುತ್ತಿತ್ತು.

1939–1947: ಯುದ್ಧಕಾಲದ ಏರು

ಮೂವತ್ತರ ದಶಕದಲ್ಲಿ ಚೀನಾ, ಜಪಾನಿನ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಮಾರುಕಟ್ಟೆಗೆ ನುಗ್ಗಿ ದಕ್ಷಿಣದ ಸಾಕಣೆದಾರರ ಬೆನ್ನು ಮುರಿದಿದ್ದವು. ಸರ್ಕಾರ 1934ರಲ್ಲಿ ರಕ್ಷಣಾ ಸುಂಕ ಹೇರಿದರೂ ಬಾಧೆ ಪೂರ್ತಿ ನೀಗಲಿಲ್ಲ. ಎರಡನೆಯ ಮಹಾಯುದ್ಧ ಲೆಕ್ಕವನ್ನೇ ತಲೆಕೆಳಗು ಮಾಡಿತು. ಜಪಾನಿನ ರೇಷ್ಮೆ ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ಒಂದೇ ದಪ್ಪದ, ಗಂಟಿಲ್ಲದ ಎಳೆ ಚರಕದಲ್ಲಿ ಬರುವುದು ಕಷ್ಟ. ಅದಕ್ಕೆ ಬಿಸಿನೀರಿನ ಬೇಸಿನ್ನುಗಳ ಸಾಲುಳ್ಳ ಫಿಲೇಚರ್ ಬೇಕು. ದಕ್ಷಿಣದಲ್ಲಿ ಫಿಲೇಚರುಗಳು ತಲೆಯೆತ್ತಿದ್ದು ಈ ತುರ್ತಿನಲ್ಲಿ. ಬಾಯ್ಲರಿನ ಹಬೆ, ಪಾಳಿಯ ಲೆಕ್ಕ, ತಿಂಗಳ ಸಂಬಳ ಎಂಬ ಹೊಸ ಜೀವನಕ್ರಮ ಹಳ್ಳಿಯ ಬದುಕಿಗೆ ಕಾಲಿಟ್ಟಿತು.

ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಕಸುಬನ್ನು ದೇಶಮಟ್ಟದಲ್ಲಿ ಕಾಯಬೇಕೆಂಬ ಮಾತಿಗೆ ಬಲ ಬಂದು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಆರಂಭವಾಯಿತು.

1947–1956: ಸೇರುವ ಹಂಬಲ

ಸ್ವಾತಂತ್ರ್ಯ ಬಂದಾಗ ಕೊಳ್ಳೇಗಾಲದವರಿಗೆ ಬದಲಾದದ್ದು ದೆಹಲಿಯ ಬಾವುಟ. ಜಿಲ್ಲಾ ಕೇಂದ್ರ ಅದೇ ಕೊಯಮತ್ತೂರು. 1952ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿಯ ಮತದಾರರು ಆರಿಸಿದ್ದು ಮದರಾಸು ವಿಧಾನಸಭೆಯ ಸದಸ್ಯರನ್ನು. ಮುಂದಿನ ವರ್ಷ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಬಂತು. ಭಾಷೆಯ ಆಧಾರದ ಮೇಲೆ ರಾಜ್ಯ ಕಟ್ಟಬಹುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. 1953ರ ಕೊನೆಯಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ಆಯೋಗ ನೇಮಕವಾಗಿ, 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಕೊಳ್ಳೇಗಾಲ ತಾಲ್ಲೂಕು ಕರ್ನಾಟಕಕ್ಕೆ ಸೇರಬೇಕೆಂದು ವರದಿ ಹೇಳಿತು.

ಭಾಷೆ, ಭೂಗೋಳ ಎರಡೂ ಒಂದೇ ಕಡೆ ಬೆರಳು ತೋರಿಸಿದ ಪ್ರಕರಣ ಇದು. ಹಾಗಾಗಿ ಬೆಳಗಾವಿ, ಕಾಸರಗೋಡಿನಂಥ ಕಡೆ ಕಂಡ ಕಹಿ ಇಲ್ಲಿ ಅಷ್ಟಾಗಿ ಕಾಣಲಿಲ್ಲ. ಕಾವು ಇದ್ದದ್ದು ತಾಳವಾಡಿಯ ವಿಷಯದಲ್ಲಿ. ಬಿಳಿಗಿರಿಯ ಆ ಮಗ್ಗುಲಿನ, ಕನ್ನಡದವರೇ ಹೆಚ್ಚಾಗಿದ್ದ ತಾಳವಾಡಿ ಫಿರ್ಕಾ ಕೊಳ್ಳೇಗಾಲದ ಜೊತೆ ಬರಬೇಕೆಂಬ ಆಸೆ ಈ ಕಡೆ ಇತ್ತು. ಅದು ಕೈಗೂಡಲಿಲ್ಲ. ಒಂದೇ ಮನೆತನದ ಕವಲುಗಳು ಎರಡು ರಾಜ್ಯಕ್ಕೆ ಹಂಚಿಹೋದವು. ಡಾ. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಮುಂದಿರುವ ಸಿಂಗಾನಲ್ಲೂರು ಕೊಳ್ಳೇಗಾಲ ತಾಲ್ಲೂಕಿನ ಹಳ್ಳಿ; ರಾಜಕುಮಾರ್ ಅವರ ನೆಚ್ಚಿನ ಗಾಜನೂರು ತಾಳವಾಡಿಯದು. ಕನ್ನಡಿಗರ ಮೆಚ್ಚಿನ ಕಲಾವಿದನ ಎರಡು ಊರುಗಳ ನಡುವೆ ರಾಜ್ಯದ ಗಡಿ ನಿಂತಿತು. ಈ ನೋವು ಇನ್ನೂ ಹಳೆಯ ತಲೆಮಾರಿನ ಮಾತಿನಲ್ಲಿ ಕೇಳಿಸುತ್ತದೆ.

ಜನಪದಕ್ಕೆ ಈ ಗಡಿ ಯಾವತ್ತೂ ಲೆಕ್ಕಕ್ಕಿರಲಿಲ್ಲ. ಮಾದಪ್ಪನ ಬೆಟ್ಟ ಮದರಾಸಿನಲ್ಲಿದ್ದಾಗಲೂ ಮಂಡ್ಯ, ಮೈಸೂರು, ಕನಕಪುರದ ಕಡೆಯಿಂದ ಪರಸೆ ಬರುತ್ತಿತ್ತು. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಗೆ ನೀಲಗಾರರು ಬರುತ್ತಿದ್ದರು. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯವನ್ನು ಪಿ.ಕೆ. ರಾಜಶೇಖರ ಸಂಗ್ರಹಿಸಿ 1973ರಲ್ಲಿ ಅಚ್ಚಿಗೆ ಕೊಟ್ಟಾಗ, ಕನ್ನಡದ ದೊಡ್ಡ ಜನಪದ ಮಹಾಕಾವ್ಯವೊಂದರ ನೆಲೆ ಹದಿನೇಳು ವರ್ಷದ ಹಿಂದಿನವರೆಗೆ ಮದರಾಸಿನಲ್ಲಿತ್ತು ಎಂಬುದು ಓದುಗರಲ್ಲಿ ಎಷ್ಟು ಜನಕ್ಕೆ ಹೊಳೆಯಿತೋ.

1956–1980: ಕಾಯ್ದೆಗಳು ಒಂದಾದ ಬಗೆ

ನಕ್ಷೆ ಬದಲಾಗಲು ಒಂದು ದಿನ ಸಾಕಾಯಿತು, ಆಡಳಿತ ಒಂದಾಗಲು ದಶಕಗಳು ಹಿಡಿದವು. ಪುನರ್ವಿಂಗಡಣೆಯ ನಿಯಮದಂತೆ ಹೊಸ ಕಾನೂನು ಬರುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ಊರ್ಜಿತ. ಹಾಗಾಗಿ ಕೊಳ್ಳೇಗಾಲದಲ್ಲಿ ಮದರಾಸಿನ ಕಾಯ್ದೆಗಳು ಮುಂದುವರಿದವು. ನಮ್ಮ ರಾಜ್ಯದ ಶಾಸನಗಳಲ್ಲಿ ಇಂದಿಗೂ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬ ಮಾತು ಸಿಗುತ್ತದೆ. ಕಡಲ ದಂಡೆಯ ಮಂಗಳೂರಿಗೂ ಘಟ್ಟದ ಮೇಲಿನ ಕೊಳ್ಳೇಗಾಲಕ್ಕೂ ಇರುವ ನಂಟು ಇದೊಂದೇ: ಎರಡೂ ಮದರಾಸಿನಿಂದ ಬಂದವು.

ಒಂದೊಂದೇ ಕಾಯ್ದೆ ಬದಲಾಯಿತು. ಪಂಚಾಯತಿಗಳಿಗೆ 1959ರ ಕಾಯ್ದೆ ಬಂತು. 1964ರ ಪುರಸಭೆ ಕಾಯ್ದೆ ಮದರಾಸಿನ 1920ರ ಕಾಯ್ದೆಯ ಜಾಗ ಹಿಡಿಯಿತು. ಅದೇ 1964ರ ಭೂಕಂದಾಯ ಕಾಯ್ದೆಯೊಂದಿಗೆ ಪಟ್ಟಾ, ಅಡಂಗಲ್ ಎಂದು ಕೇಳಿ ಅಭ್ಯಾಸವಾಗಿದ್ದ ರೈತರು ಖಾತೆ, ಪಹಣಿಗೆ ಹೊಂದಿಕೊಂಡರು. ಕೊನೆಯವರೆಗೆ ಉಳಿದದ್ದು ದೇವಸ್ಥಾನಗಳ ಕಾನೂನು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲದ ದೇವಾಲಯಗಳು ಮದರಾಸಿನ 1951ರ ಧಾರ್ಮಿಕ ದತ್ತಿ ಕಾಯ್ದೆಗೆ ಒಳಪಟ್ಟೇ ನಡೆದವು. ಇಡೀ ರಾಜ್ಯಕ್ಕೆ ಒಂದೇ ಆಗಿ ರೂಪಿಸಿದ 1997ರ ಕಾಯ್ದೆ ಜಾರಿಗೆ ಬಂದದ್ದು 2003ರಲ್ಲಿ. ಕಾನೂನಿನ ಮಟ್ಟಿಗೆ ಹೇಳುವುದಾದರೆ ಕೊಳ್ಳೇಗಾಲದ ಸೇರ್ಪಡೆ ಪೂರ್ಣವಾಗಲು ಸುಮಾರು ನಲವತ್ತಾರು ವರ್ಷ ಬೇಕಾಯಿತು.

ಈ ನಿಧಾನದ ನಡುವೆ ಊರು ಬೆಳೆಯಿತು. ಕೊಳ್ಳೇಗಾಲ ಉಪವಿಭಾಗದ ಕೇಂದ್ರವಾಯಿತು. ಜಹಗೀರು ಹೋದ ಯಳಂದೂರು ತಾಲ್ಲೂಕಾಗಿ ನೆಲೆಯೂರಿತು. ಕಬಿನಿಯ ಬಲದಂಡೆ ನಾಲೆ ಕೊಳ್ಳೇಗಾಲ, ಯಳಂದೂರಿನ ಕೆರೆಬಯಲಿಗೆ ನೀರು ತಂದಿತು. ಗುಂಡಾಲ್ ಜಲಾಶಯ ಕಟ್ಟಲಾಯಿತು. ಪಕ್ಕದ ಮುಡಿಗುಂಡ ಪಟ್ಟಣದ ಬಡಾವಣೆಯಾಗಿ ಬೆರೆತುಹೋಯಿತು. ಹನೂರು ಕಡೆಯ ಕಾಮಗೆರೆಯಲ್ಲಿ ಹೋಲಿಕ್ರಾಸ್ ಸೋದರಿಯರ ಆಸ್ಪತ್ರೆ ಬೆಟ್ಟದ ಹಳ್ಳಿಗಳ ಬಾಣಂತಿಯರಿಗೆ ಆಸರೆಯಾಯಿತು. 1974ರಲ್ಲಿ ಒಡೆಯರಪಾಳ್ಯದ ಬಳಿ ಟಿಬೆಟನ್ ನಿರಾಶ್ರಿತರಿಗೆ ಭೂಮಿ ಕೊಟ್ಟು ಧೋಂಡೆನ್‌ಲಿಂಗ್ ವಸತಿ ನೆಲೆಗೊಂಡಿತು. ತಾನೇ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಬಂದ ತಾಲ್ಲೂಕು, ನೆಲ ಕಳೆದುಕೊಂಡು ಬಂದವರಿಗೆ ಜಾಗ ಕೊಟ್ಟಿತು.

ರೇಷ್ಮೆಗೂ ಇದು ಒಳ್ಳೆಯ ಕಾಲ. ಮೈಸೂರಿನಲ್ಲಿ 1961ರಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ನೆಲೆಗೊಂಡಿತು. ಹೊಸ ತಳಿಗಳ ಪಟ್ಟಿಯಲ್ಲಿ ‘ಕೋಲಾರ್ ಗೋಲ್ಡ್’ ಜೊತೆ ‘ಕೊಳ್ಳೇಗಾಲ್ ಜವಾನ್’ ಎಂಬ ಹೆಸರೂ ಸೇರಿತು. ಬಿತ್ತನೆ, ಗೂಡು, ನೂಲಿನ ವ್ಯಾಪಾರಕ್ಕೆ 1959ರ ಕಾಯ್ದೆ ಚೌಕಟ್ಟು ಹಾಕಿತು. ಹಿತ್ತಲಲ್ಲಿ ದಲ್ಲಾಳಿ ಹೇಳಿದ ಬೆಲೆಗೆ ಗೂಡು ಮಾರುವ ಬದಲು ರೈತ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಬಂದು, ಎಲ್ಲರೆದುರು ಹರಾಜು ಕೂಗಿಸಿ, ತೂಕ ಹಾಕಿಸಿ ಹಣ ಎಣಿಸಿಕೊಳ್ಳುವಂತಾಯಿತು. ಏಕೀಕರಣದಿಂದ ಈ ಸೀಮೆಯ ಬಡ ಮನೆಗೆ ಸಿಕ್ಕ ನೇರ ಲಾಭ ಯಾವುದು ಎಂದು ಕೇಳಿದರೆ ಈ ಹರಾಜುಕಟ್ಟೆಯನ್ನೇ ತೋರಿಸಬೇಕು. ಕೊಳ್ಳೇಗಾಲ, ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರದ ಸರ್ಕಾರಿ ನೂಲು ಬಿಚ್ಚಣಿಕೆ ಕಾರ್ಖಾನೆಗಳು ಊರೂರಿನ ನೂರಾರು ಕೈಗಳಿಗೆ ಕೆಲಸ ಕೊಟ್ಟವು. 1980ರಲ್ಲಿ ಸರ್ಕಾರಿ ರೇಷ್ಮೆ ಘಟಕಗಳು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದವು.

1980–2004: ಇಳಿಜಾರಿನ ವರ್ಷಗಳು

1980ರಲ್ಲೇ ಬಂಗಾಳದ ಕಡೆಯಿಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಒಳಗಿಂದ ತಿನ್ನುವ ಈ ನೊಣಕ್ಕೆ ಹೆದರಿ ಮನೆಮನೆಯ ಕಿಟಕಿ ಬಾಗಿಲಿಗೆ ಬಲೆ ಬಿತ್ತು. ವಿಶ್ವಬ್ಯಾಂಕಿನ ನೆರವಿನ ಯೋಜನೆಗಳಿಂದ ರಾಜ್ಯದಲ್ಲಿ ಹಿಪ್ಪುನೇರಳೆ ಹಬ್ಬಿತು. ನೀರಾವರಿಯ ತೋಟಗಳು ಕೋಲಾರ, ರಾಮನಗರದ ಕಡೆ ಮುಂದೆ ಹೋದವು. ಮಳೆಯನ್ನು ನಂಬಿದ ಕೊಳ್ಳೇಗಾಲ ಹಿಂದೆ ಬಿತ್ತು. ನೀರು ಬಂದ ಕಡೆ ಭತ್ತ, ಕಬ್ಬು, ಅರಿಶಿನ ಕೈ ಹಿಡಿದವು. ನೀರಿಲ್ಲದ ಹನೂರಿನ ಕಡೆ ಮುಸುಕಿನ ಜೋಳ. ತೊಂಬತ್ತರ ದಶಕದಲ್ಲಿ ಆಮದು ಸಡಿಲಗೊಂಡು ಚೀನಾದ ಕಚ್ಚಾ ರೇಷ್ಮೆ ಅಗ್ಗಕ್ಕೆ ಬಂದಾಗ ಗೂಡಿನ ಬೆಲೆ ನೆಲ ಕಂಡಿತು. ಸರ್ಕಾರಿ ಬಿಚ್ಚಣಿಕೆ ಕಾರ್ಖಾನೆಗಳು ಒಂದೊಂದಾಗಿ ಸದ್ದು ಕಳೆದುಕೊಂಡವು.

ಒಂದೇ ಕಸುಬನ್ನು ನಂಬಿದ ಊರಿನ ಕಸುಬು ಸೊರಗುವುದೂ ಆ ಊರು ದೊಡ್ಡ ಆಡಳಿತದೊಳಗೆ ಸೇರುವುದೂ ಬೇರೆಡೆಯೂ ನಡೆದಿದೆ. ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಯ ವಾಟೆನ್‌ಶೈಡ್ ಪಟ್ಟಣವನ್ನು ನೋಡಿ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಅಲ್ಲಿಯ ಗಣಿಗಾರಿಕೆ ಮುಗಿಯಿತು. 1975ರ ಜನವರಿ 1ರಂದು ಪಟ್ಟಣ ಪಕ್ಕದ ದೊಡ್ಡ ನಗರ ಬೋಖುಮ್‌ಗೆ ಸೇರಿತು. ಜನರ ವಿರೋಧದ ನಡುವೆ ಆದ ವಿಲೀನ ಅದು. ತಮ್ಮ ಊರಿನ ಹಳೆಯ ವಾಹನ ನೋಂದಣಿಯ ಅಕ್ಷರಗಳನ್ನು ಅಲ್ಲಿಯವರು 2012ರಲ್ಲಿ ಮರಳಿ ಪಡೆದರು. ಕೊಳ್ಳೇಗಾಲದ್ದು ಜನ ಬಯಸಿ ಬಂದ ಸೇರ್ಪಡೆ. ಆ ವ್ಯತ್ಯಾಸ ದೊಡ್ಡದು. ಆದರೂ ಒಂದು ಹೋಲಿಕೆ ಉಳಿಯುತ್ತದೆ. ಮದರಾಸಿನಲ್ಲಿ ಕೊಳ್ಳೇಗಾಲ ರೇಷ್ಮೆಯ ಮೊದಲ ತಾಲ್ಲೂಕು; ಮೈಸೂರು ರಾಜ್ಯದಲ್ಲಿ ಅದು ಚನ್ನಪಟ್ಟಣ, ಕನಕಪುರ, ರಾಮನಗರ, ಶಿಡ್ಲಘಟ್ಟಗಳ ಜೊತೆ ಹಲವರಲ್ಲಿ ಒಂದಾಯಿತು. ಕಷ್ಟ ಬಂದಾಗ ಮೊದಲನೆಯವರ ಮಾತಿಗೆ ಸಿಗುವ ಕಿವಿ ಹಲವರಲ್ಲಿ ಒಬ್ಬರ ಮಾತಿಗೆ ಸಿಗುವುದಿಲ್ಲ. ಶಿವನಸಮುದ್ರದ ವಿದ್ಯುತ್ತನ್ನು ಮೊದಲು ಪಡೆದ ಕೋಲಾರದ ಚಿನ್ನದ ಗಣಿಗಳೂ 2001ರಲ್ಲಿ ಮುಚ್ಚಿದವು. ಒಂದೇ ನದಿಯ ದಡದಲ್ಲಿ ಶುರುವಾದ ಎರಡು ಕಥೆಗಳು ಒಂದೇ ಕಾಲಕ್ಕೆ ಬಡವಾದವು.

ಇದೇ ವರ್ಷಗಳಲ್ಲಿ ಕಾಡಿನ ಹಳ್ಳಿಗಳಿಗೆ ಇನ್ನೊಂದು ಕಷ್ಟ ಬಂದೆರಗಿತು. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಗಡಿಗ್ರಾಮ. ಅಲ್ಲಿ ಔಷಧಾಲಯ, ದೇವಸ್ಥಾನ ಕಟ್ಟಿಸಿ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಅವನಿಂದ ಹತರಾದರು. ಹನೂರಿನ ಮಾಜಿ ಸಚಿವ ಎಚ್. ನಾಗಪ್ಪನವರು 2002ರಲ್ಲಿ ಕಾಮಗೆರೆಯಿಂದ ಅಪಹೃತರಾಗಿ ಮರಳಿ ಬರಲಿಲ್ಲ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತು ಆ ಅಧ್ಯಾಯ ಮುಗಿಯುವವರೆಗೆ ಬೆಟ್ಟದ ಜನ ಅವನ ಕಡೆಯದು, ಪೊಲೀಸರ ಕಡೆಯದು ಎಂಬ ಎರಡು ಭಯದಲ್ಲಿ ಬದುಕಿದರು. ಗೋಪಿನಾಥಂನವರು ಶ್ರೀನಿವಾಸರನ್ನು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ.

ಬಿಳಿಗಿರಿಯ ಕಡೆಯಿಂದ ಮಾತ್ರ ಒಳ್ಳೆಯ ಸುದ್ದಿ ಬರುತ್ತಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಚಿಕಿತ್ಸೆಯಿಂದ ಆರಂಭವಾದ ಕೆಲಸ ಬೆಟ್ಟದ ಗಿರಿಜನರಾದ ಸೋಲಿಗರ ಮಕ್ಕಳ ಶಾಲೆ, ಸೋಲಿಗರ ಸಂಘಗಳವರೆಗೆ ಬೆಳೆಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಸೋಲಿಗರ ಪೋಡುಗಳಿಗೆ (ಹಾಡಿಗಳಿಗೆ) ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳೂ ಸಿಕ್ಕವು. ಹುಲಿಕಾಡಿನೊಳಗೆ ಜನರ ಹಕ್ಕನ್ನು ಒಪ್ಪಿದ ಮೊದಮೊದಲ ನಿದರ್ಶನಗಳಲ್ಲಿ ಇದೊಂದು.

1997–2018: ಜಿಲ್ಲೆ ಹತ್ತಿರವಾಯಿತು

1997ರ ಆಗಸ್ಟಿನಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಕೊಯಮತ್ತೂರು, ಮೈಸೂರುಗಳ ನಂತರ ಕೊಳ್ಳೇಗಾಲಕ್ಕೆ ಇದು ಮೂರನೆಯ ಜಿಲ್ಲಾ ಕೇಂದ್ರ, ಹತ್ತಿರದ್ದೂ ಇದೇ. ಹಳೆಯ ಸಂಸ್ಥಾನದ ಚಾಮರಾಜನಗರ, ಗುಂಡ್ಲುಪೇಟೆ, ಜಹಗೀರಿನ ಯಳಂದೂರು, ಮದರಾಸಿನ ಕೊಳ್ಳೇಗಾಲ ಒಂದೇ ಜಿಲ್ಲೆಯ ಮನೆಯವರಾದರು. ಬಹುದಿನದ ಬೇಡಿಕೆಯಂತೆ ಹನೂರು ತಾಲ್ಲೂಕು 2017-18ರ ಆಯವ್ಯಯದಲ್ಲಿ ಘೋಷಣೆಯಾಗಿ 2018ರಲ್ಲಿ ಕೆಲಸ ಆರಂಭಿಸಿತು. ಗೋಪಿನಾಥಂ, ಮಾರ್ಟಳ್ಳಿಯಂಥ ದೂರದ ಊರಿನವರು ತಾಲ್ಲೂಕು ಕಚೇರಿಗೆ ಕೊಳ್ಳೇಗಾಲದವರೆಗೆ ಬರುವ ಪಾಡು ತಪ್ಪಿತು. ಯಾವ ಹೋಬಳಿ ಎಲ್ಲಿಗೆ ಎಂಬ ಚರ್ಚೆಯ ಬಿಸಿ ಈಗ ಆರಿದೆ.

ಕೊಳ್ಳೇಗಾಲ ಇಂದು ಐವತ್ತು ಸಾವಿರ ಮೀರಿದ ಜನಸಂಖ್ಯೆಯ ನಗರಸಭೆ. ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ ಅದರ ಮೇಲೇ ಹಾಯುತ್ತದೆ. ಚಾಮರಾಜನಗರಕ್ಕೆ 1926ರಲ್ಲೇ ರೈಲು ಬಂತು. ಕೊಳ್ಳೇಗಾಲಕ್ಕೆ ಇನ್ನೂ ಬಂದಿಲ್ಲ. ಅಂದು ಮದರಾಸಿನ ಗಡಿ ಅಡ್ಡ ಎನ್ನಬಹುದಾಗಿತ್ತು. ಎಪ್ಪತ್ತು ವರ್ಷದ ಮೇಲೆ ಆ ಕಾರಣ ಉಳಿದಿಲ್ಲ.

ರೇಷ್ಮೆ ಪೂರ್ತಿ ಹೋಗಿಲ್ಲ. ವಿ-1 ಹಿಪ್ಪುನೇರಳೆ, ದ್ವಿತಳಿ ಗೂಡು, ಪ್ರತ್ಯೇಕ ಹುಳುಮನೆ ಕಟ್ಟಿಕೊಂಡ ರೈತರು ಅಲ್ಲಲ್ಲಿ ಕಸುಬನ್ನು ಹಿಡಿದಿದ್ದಾರೆ. ದೇವಾಂಗಪೇಟೆಯಲ್ಲಿ ಮಗ್ಗದ ಕಸುಬಿನ ಮನೆಗಳು ಇನ್ನೂ ಇವೆ. ಅವರಿಗೆ ಬೇಕಾದದ್ದು ಸನ್ಮಾನದ ಶಾಲಲ್ಲ. ಒಳ್ಳೆಯ ನೂಲು, ನ್ಯಾಯದ ದರ, ಊರಿನ ಹೆಸರಿನಲ್ಲಿ ಮಾರುವ ಅಂಗಡಿ.

ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡವರಲ್ಲಿ ಒಂದು ಕೋರಿಕೆಯಿದೆ. ಮೂರು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ಮದರಾಸು ಕಾಲದ ಪಟ್ಟಾ, ಕೊಯಮತ್ತೂರಿನ ಕೋರ್ಟಿನ ಕಾಗದ, ಬಿಚ್ಚಣಿಕೆಯ ಲೆಕ್ಕದ ಪುಸ್ತಕ, ಫಿಲೇಚರಿನ ಹಾಜರಿ ಚೀಟಿ, ಜಹಗೀರಿನ ರಸೀದಿ ಇರಬಹುದು. ಗೆದ್ದಲು ಹಿಡಿಯುವ ಮುನ್ನ ಅವನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ತೋರಿಸಿ, ಕನಿಷ್ಠ ಒಂದು ಪ್ರತಿಯನ್ನಾದರೂ ಅಲ್ಲಿ ಇರಿಸಿ. ನಿಂತುಹೋದ ಬಿಚ್ಚಣಿಕೆ ಕಾರ್ಖಾನೆಗಳಲ್ಲಿ ಒಂದರ ಕಟ್ಟಡವನ್ನು ರೇಷ್ಮೆಯ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಡುವಂತೆ ನಗರಸಭೆಯೂ ಜಿಲ್ಲಾಡಳಿತವೂ ಸರ್ಕಾರವನ್ನು ಕೇಳಬೇಕು. ಅಲ್ಲಿ ಬೇಸಿನ್ನಿನ ಮುಂದೆ ಕೂತು ಎಳೆ ತೆಗೆದ ಹೆಂಗಸರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.